ಬೂದಿಯಿಂದ ಸ್ಫೋಟವನ್ನು ಅಳೆಯುವ ಶಾಸ್ತ್ರ

ಅಗ್ನಿಪರ್ವತವೆಂದೊಡನೆ ಕೆಂಡದ ಹೊಳೆಯಂತೆ ಹರಿಯುವ ಲಾವಾರಸದ ಚಿತ್ರವೇ ಸಾಮಾನ್ಯವಾಗಿ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಕ್ರಿ. ಶ. 79ರಲ್ಲಿ ಪಾಂಪೆಯಿ ನಗರವನ್ನು ಮುಚ್ಚಿಹಾಕಿದ್ದು ಲಾವಾರಸವಲ್ಲ. ವೆಸೂವಿಯಸ್ ಪರ್ವತವು ಆಕಾಶಕ್ಕೆ ಎಸೆದ ಹಗುರವಾದ ನೊರೆಗಲ್ಲು ಮತ್ತು ಬೂದಿ. ಕಿರಿಯ ಪ್ಲೀನಿಯು ಇತಿಹಾಸಕಾರ ಟ್ಯಾಸಿಟಸನಿಗೆ ಬರೆದ ಪತ್ರಗಳಲ್ಲಿ ಈ ಉತ್ಪಾತವನ್ನು ವರ್ಣಿಸಿರುವುದರಿಂದ, ಇಂತಹ ಮಹಾಸ್ಫೋಟಗಳಿಗೆ ‘ಪ್ಲೀನಿಯನ್’ ಎಂಬ ಹೆಸರು ರೂಢಿಗೆ ಬಂದಿತು. ಆದರೆ ಎಲ್ಲ ಸ್ಫೋಟಗಳಿಗೂ ಪ್ಲೀನಿಯಂತಹ ಸಾಕ್ಷಿ ದೊರೆಯುವುದಿಲ್ಲ. ದೊರೆತರೂ ಉರಿಯುವ ಪರ್ವತದ ಬಾಯಿಯ ಬಳಿ ನಿಂತು ಅಳೆಯುವುದು ಯಾರಿಗೂ ಸಾಧ್ಯವಿಲ್ಲ. ಸಾಕ್ಷಿಯಿಲ್ಲದ ಸ್ಫೋಟದ ಬಲವನ್ನು ಅರಿಯುವುದು ಹೇಗೆ? ಈ ಪ್ರಶ್ನೆಗೆ ಬಿದ್ದ ಬೂದಿಯಿಂದಲೇ ಉತ್ತರವನ್ನು ಹೊರಡಿಸಿದವರಲ್ಲಿ ಅಗ್ರಗಣ್ಯರು ಬ್ರಿಟಿಷ್ ವಿಜ್ಞಾನಿ ಜಾರ್ಜ್ ವಾಕರ್ (1926–2005).

ಮೊದಲು ಬೂದಿ ಎಂಬ ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಲೆಯ ಬೂದಿಯಂತೆ ಇದು ಯಾವುದೋ ವಸ್ತು ಉರಿದು ಉಳಿದ ಶೇಷವಲ್ಲ. ಭೂಗರ್ಭದ ಶಿಲಾರಸದಲ್ಲಿ ನೀರಿನ ಅಂಶವು ಒತ್ತಡದಿಂದ ಕರಗಿಕೊಂಡಿರುತ್ತದೆ. ರಸವು ಮೇಲೇರಿದಂತೆ ಒತ್ತಡ ತಗ್ಗಿ, ಆ ನೀರು ಆವಿಯ ಗುಳ್ಳೆಗಳಾಗಿ ಬೇರ್ಪಡುತ್ತದೆ. ರಸವು ತೆಳುವಾಗಿದ್ದರೆ ಗುಳ್ಳೆಗಳು ಸುಲಭವಾಗಿ ಪಾರಾಗುತ್ತವೆ; ಲಾವಾ ಶಾಂತವಾಗಿ ಹರಿಯುತ್ತದೆ. ಸಿಲಿಕಾಂಶ ಹೆಚ್ಚಿದ ಮಂದವಾದ ರಸದಲ್ಲಾದರೋ ಗುಳ್ಳೆಗಳಿಗೆ ದಾರಿಯಿಲ್ಲ. ರಸವೆಲ್ಲ ನೊರೆಯಾಗಿ ಉಬ್ಬಿ, ಕಡೆಗೆ ಛಿದ್ರವಾಗಿ ಸಿಡಿಯುತ್ತದೆ. ಹೀಗೆ ಒಡೆದ ಗಾಜಿನ ಚೂರು, ಖನಿಜದ ಹರಳು ಮತ್ತು ಕಲ್ಲಿನ ಪುಡಿಗಳಲ್ಲಿ 2 ಮಿಲಿಮೀಟರಿಗಿಂತ ಸಣ್ಣವಾದುವೇ ‘ಬೂದಿ’.

ವಾಕರ್ ಅವರು ಲಂಡನ್ನಿನಲ್ಲಿ ಜನಿಸಿ, ಬೆಲ್‌ಫಾಸ್ಟ್ ಮತ್ತು ಲೀಡ್ಸ್‌ಗಳಲ್ಲಿ ವ್ಯಾಸಂಗ ಮಾಡಿ, 1951ರಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಪೂರ್ವ ಐಸ್‌ಲ್ಯಾಂಡಿನ ಪ್ರಾಚೀನ ಲಾವಾಪದರಗಳನ್ನು ವರ್ಷವರ್ಷವೂ ಕಾಲ್ನಡಿಗೆಯಲ್ಲಿ ಪರಿಶೀಲಿಸುತ್ತಿದ್ದ ಅವರ ಗಮನವು, 1963ರಲ್ಲಿ ಅದೇ ದೇಶದ ಕಡಲಲ್ಲಿ ಸರ್ಟ್‌ಸೀ ದ್ವೀಪವು ಹುಟ್ಟಿದ ಮೇಲೆ ಜೀವಂತ ಅಗ್ನಿಪರ್ವತಗಳತ್ತ ತಿರುಗಿತು. ಅವರು ಬಳಸಿದ ಸಲಕರಣೆಗಳು ಬಲು ಸರಳ: ಗುದ್ದಲಿ, ಅಳತೆಯ ಪಟ್ಟಿ, ಜರಡಿ, ತಕ್ಕಡಿ. ಅಜೋರ್ಸ್ ಮೊದಲಾದ ದ್ವೀಪಗಳಲ್ಲಿ ಅನೇಕ ಕಡೆ ಮಣ್ಣನ್ನು ಅಗೆದು, ಒಂದೇ ಸ್ಫೋಟದ ಪದರವು ಎಲ್ಲೆಲ್ಲಿ ಎಷ್ಟು ದಪ್ಪವಾಗಿದೆಯೆಂದು ಅಳೆದು, ಸಮಾನ ದಪ್ಪದ ಸ್ಥಳಗಳನ್ನು ನಕ್ಷೆಯ ಮೇಲೆ ಗೆರೆಗಳಿಂದ ಕೂಡಿಸಲಾಯಿತು. ಪ್ರತಿಯೊಂದು ಸ್ಥಳದಲ್ಲಿಯೂ ದೊರೆತ ಅತಿದೊಡ್ಡ ಕಲ್ಲುಗಳನ್ನು ಅಳೆದು, ಉಳಿದುದನ್ನು ಜರಡಿಯಾಡಿ ತೂಗಲಾಯಿತು. ತೂರುವ ಕಣದಲ್ಲಿ ಗಟ್ಟಿಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹಾರುವ ನಿಯಮವೇ ಇಲ್ಲಿಯೂ ಉಂಟು. ಭಾರವಾದ ಕಲ್ಲು ದೂರದಲ್ಲಿ ಬಿದ್ದಿದ್ದರೆ, ಅದನ್ನು ಹೊತ್ತ ಬೂದಿಯ ಸ್ತಂಭವು ಅಷ್ಟು ಎತ್ತರಕ್ಕೇರಿತ್ತೆಂದೋ, ಗಾಳಿಯು ಅಷ್ಟು ಪ್ರಬಲವಾಗಿತ್ತೆಂದೋ ಊಹಿಸಬಹುದು.

1973ರಲ್ಲಿ ವಾಕರ್ ಈ ಅಳತೆಗಳ ಆಧಾರದ ಮೇಲೆ ಸ್ಫೋಟಗಳ ಹೊಸ ವರ್ಗೀಕರಣವೊಂದನ್ನು ಮಂಡಿಸಿದರು. ಅದರಲ್ಲಿ ಎರಡು ಮಾನಗಳಿವೆ. ಒಂದು, ವ್ಯಾಪ್ತಿ: ಪದರದ ಗರಿಷ್ಠ ದಪ್ಪದ ನೂರರಲ್ಲಿ ಒಂದಂಶ ದಪ್ಪವನ್ನು ಸೂಚಿಸುವ ಗೆರೆಯೊಳಗಿನ ವಿಸ್ತೀರ್ಣ. ಇನ್ನೊಂದು, ಚೂರ್ಣತೆ: ನಿಗದಿಯಾದ ಒಂದು ಬಿಂದುವಿನಲ್ಲಿ 1 ಮಿಲಿಮೀಟರಿಗಿಂತ ಸಣ್ಣ ಕಣಗಳ ಶೇಕಡಾ ಪ್ರಮಾಣ. ವ್ಯಾಪ್ತಿಯು 500 ಚದರ ಕಿಲೋಮೀಟರನ್ನು ಮೀರಿದರೆ ಅದು ಪ್ಲೀನಿಯನ್ ಸ್ಫೋಟ. 5ಕ್ಕಿಂತ ಕಡಮೆಯಾದರೆ ಸ್ಟ್ರಾಂಬೋಲಿ ಪರ್ವತದ ಬಗೆಯ ಸಣ್ಣ ಸಿಡಿತ. ರಸವು ನೀರಿನೊಡನೆ ಬೆರೆತು ಸಿಡಿದಲ್ಲಿ ಚೂರ್ಣತೆಯು ವಿಶೇಷವಾಗಿ ಹೆಚ್ಚುವುದು. ಹೀಗೆ, ಕಂಡವರ ವರ್ಣನೆಯನ್ನು ನಂಬಿದ್ದ ಒಂದು ಶಾಸ್ತ್ರವು ಅಂಕಿಗಳನ್ನು ಆಧರಿಸುವಂತಾಯಿತು.

ಆದರೆ ಅತಿ ಸೂಕ್ಷ್ಮವಾದ ಬೂದಿಯು ಸಮುದ್ರದ ಮೇಲೆ ಹಾರಿಹೋದರೆ ಅದನ್ನು ಅಳೆಯುವುದೆಂತು? ಇದಕ್ಕೂ ವಾಕರ್ ಉಪಾಯ ಹೂಡಿದರು. ಒಡೆಯದ ನೊರೆಗಲ್ಲಿನಲ್ಲಿ ಹರಳಿಗೂ ಗಾಜಿಗೂ ಇರುವ ಪ್ರಮಾಣವನ್ನು ಮೊದಲು ಕಂಡುಕೊಳ್ಳಬೇಕು. ನೆಲದ ಪದರದಲ್ಲಿ ಹರಳುಗಳು ಆ ಪ್ರಮಾಣಕ್ಕಿಂತ ಎಷ್ಟು ಹೆಚ್ಚಾಗಿವೆಯೋ, ಅದಕ್ಕನುಗುಣವಾದ ಹಗುರ ಗಾಜು ಕಣ್ಮರೆಯಾಗಿದೆಯೆಂದು ತಿಳಿಯಬೇಕು. ನ್ಯೂಜಿಲೆಂಡಿನ ಟೌಪೋ ಸರೋವರದ ಬಳಿ ಸುಮಾರು 1,800 ವರ್ಷಗಳ ಹಿಂದೆ ಬಿದ್ದ ನೊರೆಗಲ್ಲಿನ ಪದರವನ್ನು ಹೀಗೆ ಪರೀಕ್ಷಿಸಿ, ಅದರ ಸ್ತಂಭವು 50 ಕಿಲೋಮೀಟರಿಗೂ ಮೇಲೇರಿತ್ತೆಂದು ಅವರು 1980ರಲ್ಲಿ ಪ್ರತಿಪಾದಿಸಿ, ಈ ಬಗೆಗೆ ‘ಅಲ್ಟ್ರಾಪ್ಲೀನಿಯನ್’ ಎಂದು ಹೆಸರಿಟ್ಟರು. ತಿಳಿದಿರುವವುಗಳಲ್ಲೆಲ್ಲ ಅತ್ಯಂತ ಪ್ರಬಲವಾದ ಸ್ಫೋಟ ಇದೇ ಎಂಬ ಅರ್ಥದ ಆ ಲೇಖನದ ಶೀರ್ಷಿಕೆಯ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.

ಆ ಚಿಹ್ನೆಯು ವ್ಯರ್ಥವಾಗಲಿಲ್ಲ. 2014ರಲ್ಲಿ ಹೌಟನ್ ಮತ್ತು ಅವರ ಸಹೋದ್ಯೋಗಿಗಳು ಅದೇ ಪದರವನ್ನು ಅನೇಕ ಉಪಪದರಗಳಾಗಿ ಬಿಡಿಸಿ ಅಳೆದಾಗ, ಸ್ಫೋಟವು ನಡೆಯುತ್ತಿದ್ದಂತೆಯೇ ಗಾಳಿಯ ದಿಕ್ಕು ಬದಲಾಗಿತ್ತೆಂದು ಕಂಡುಬಂದಿತು. ಬೂದಿಯು ಅಷ್ಟು ಅಗಲವಾಗಿ ಹರಡಿದ್ದಕ್ಕೆ ಸ್ತಂಭದ ಎತ್ತರವೊಂದೇ ಕಾರಣವಲ್ಲ, ತಿರುಗಿದ ಗಾಳಿಯೂ ಕಾರಣ. ಟೌಪೋ ಪುನಃ ಪ್ಲೀನಿಯನ್ ವರ್ಗಕ್ಕೆ ಇಳಿಯಿತು. ಗುರುವಿನ ಸಿದ್ಧಾಂತವನ್ನು ತಿದ್ದಿದ್ದು ಗುರುವು ಕಲಿಸಿದ ವಿಧಾನವೇ ಎಂಬುದು ಇಲ್ಲಿ ಗಮನಾರ್ಹ.

ಇದು ಕೇವಲ ಪಂಡಿತರ ವಿವಾದವಲ್ಲ. 1982ರ ಜೂನ್ 24ರಂದು, ಲಂಡನ್ನಿನಿಂದ ಮುಂಬಯಿ ಮಾರ್ಗವಾಗಿ ಹೊರಟಿದ್ದ ಬೋಯಿಂಗ್ 747 ವಿಮಾನವೊಂದು ಜಾವಾ ಬಳಿ ಗಲುಂಗ್‌ಗುಂಗ್ ಪರ್ವತದ ಬೂದಿಯನ್ನು ಹೊಕ್ಕಿತು. ಒಣಬೂದಿಯು ವಿಮಾನದ ಹವಾಮಾನ ರೇಡಾರಿಗೆ ಗೋಚರಿಸಲಿಲ್ಲ. ಗಾಜಿನ ಚೂರು ಎಂಜಿನುಗಳ ಶಾಖಕ್ಕೆ ಕರಗಿ ಅಂಟಿಕೊಂಡು, ನಾಲ್ಕೂ ಎಂಜಿನುಗಳು ನಿಂತವು. ಬೂದಿಯಿಂದ ಕೆಳಗಿಳಿದ ಬಳಿಕ ಅವು ಮತ್ತೆ ಚಾಲೂ ಆಗಿ, ವಿಮಾನವು ಜಕಾರ್ತದಲ್ಲಿ ಸುರಕ್ಷಿತವಾಗಿ ಇಳಿಯಿತು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಬೂದಿಗೆ ಅಂಜಿ ಯೂರೋಪಿನಲ್ಲಿ ಸುಮಾರು 1 ಲಕ್ಷ ಹಾರಾಟಗಳನ್ನು ರದ್ದುಪಡಿಸಬೇಕಾಯಿತು. 2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಪರ್ವತದ ಬೂದಿಯು ಅರಬ್ಬೀ ಸಮುದ್ರವನ್ನು ದಾಟಿ ದೆಹಲಿಯ ಆಕಾಶದವರೆಗೂ ಬಂದಿತು. ಸ್ತಂಭದ ಎತ್ತರ ಮತ್ತು ಕಣಗಳ ಗಾತ್ರ, ಇವೆರಡರ ಅಂದಾಜು ಒಂದು ಕಡೆ ತಪ್ಪಿದರೆ ಜೀವಹಾನಿ. ಇನ್ನೊಂದು ಕಡೆ ತಪ್ಪಿದರೆ ಲಕ್ಷಾಂತರ ಜನರ ನಿಷ್ಕಾರಣ ತೊಂದರೆ.

ವಿಜಾಪುರ, ಕಲಬುರಗಿ, ಬೀದರಗಳ ಎರೆಭೂಮಿಗೂ ಪುಣೆಯ ಸುತ್ತಣ ಕರಿಕಲ್ಲಿನ ಬೆಟ್ಟಗಳಿಗೂ ಮೂಲವಾದ ದಖನ್ ಲಾವಾ ಪ್ರಧಾನವಾಗಿ ಹರಿದು ಬಂದದ್ದು. ಅದರ ಪದರಗಳ ರಚನೆಯನ್ನೂ ವಾಕರ್ 1970ರ ದಶಕದ ಆರಂಭದಲ್ಲಿ ವಿವೇಚಿಸಿದ್ದರು. ಆದರೆ ಸಿಡಿದ ಬೂದಿಯ ಗುರುತೂ ಈ ಪರ್ಯಾಯದ್ವೀಪಕ್ಕೆ ಹೊಸದಲ್ಲ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ತೋಬಾದಿಂದ ಹಾರಿದ ಬೂದಿಯು 2,000 ಕಿಲೋಮೀಟರಿಗೂ ಅಧಿಕ ದೂರವನ್ನು ಕ್ರಮಿಸಿ, ಆಂಧ್ರದ ಜ್ವಾಲಾಪುರಂನಲ್ಲಿ ಇಂದಿಗೂ ಬಿಳಿಯ ಪದರವಾಗಿ ಉಳಿದಿದೆ. ಅಗ್ನಿಪರ್ವತವಿಲ್ಲದ ಪ್ರದೇಶವು ಅದರ ಬೂದಿಗೆ ಹೊರತೆಂದು ಭಾವಿಸಲಾಗದು.