ಮಾರಕ ಕೋಶಗಳ ಅಳಿವು ಉಳಿವು

ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳಲ್ಲಿ ಒಂದು ಬಗೆಗೆ ‘ಸಹಜ ಮಾರಕ ಕೋಶ’ ಎಂದು ಹೆಸರು. ಹೆಸರು ಭಯಂಕರವಾದರೂ ಅದರ ಕಾರ್ಯ ರಕ್ಷಣೆಯೇ. 1975ರಲ್ಲಿ ಸ್ವೀಡನ್ ದೇಶದ ಕರೊಲಿನ್‌ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್ ಮತ್ತು ಅವರ ಸಂಗಡಿಗರು ಇಲಿಗಳ ಗುಲ್ಮದಲ್ಲಿ ಇದನ್ನು ಗುರುತಿಸಿದರು. ವೈರಸ್ ಹೊಕ್ಕ ಕೋಶಗಳನ್ನೂ ಅರ್ಬುದಕ್ಕೆ ತಿರುಗಿದ ಕೋಶಗಳನ್ನೂ ಇದು ಪೂರ್ವಪರಿಚಯವಿಲ್ಲದೆಯೇ ಪತ್ತೆಹಚ್ಚಬಲ್ಲುದು. ಅಂತಹ ಕೋಶಕ್ಕೆ ಅಂಟಿಕೊಂಡು, ಪರ್ಫೋರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಯನ್ನು ಕೊರೆದು, ಒಳಕ್ಕೆ ಮಾರಕ ಕಿಣ್ವಗಳನ್ನು ಸೇರಿಸುತ್ತದೆ.

ಈ ಕಾವಲು ತಪ್ಪಿದರೆ ಆಗುವ ಅನಾಹುತಕ್ಕೆ 1989ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿಯೇ ಸಾಕ್ಷಿ. ಮಾರಕ ಕೋಶಗಳೇ ಇಲ್ಲದಿದ್ದ ಹದಿಹರೆಯದ ಬಾಲಿಕೆಯೊಬ್ಬಳನ್ನು, ಇತರ ಮಕ್ಕಳಿಗೆ ಬಂದು ಹೋಗುವ ಸೀತಾಳೆ ಸಿಡುಬು ಅತ್ಯುಗ್ರವಾಗಿ ಕಾಡಿತ್ತು.

ಆದರೆ ಆಯುಧಪಾಣಿಗಳು ಮಿತಿಮೀರಿ ಬೆಳೆದರೂ ದೇಹಕ್ಕೆ ಕ್ಷೇಮವಲ್ಲ. ಆದುದರಿಂದ ಇವುಗಳ ಆಯುಸ್ಸಿನ ಸೂತ್ರವನ್ನು ದೇಹವು ತನ್ನ ಕೈಯಲ್ಲಿಯೇ ಇರಿಸಿಕೊಂಡಿದೆ. ಮನುಷ್ಯನ ರಕ್ತದಲ್ಲಿ ಇವು ಬಾಳುವುದು ಸುಮಾರು ಎರಡು ವಾರಗಳು ಮಾತ್ರ. ಅಷ್ಟು ಕಾಲ ಬಾಳುವುದಕ್ಕೂ ‘ಇಂಟರ್‌ಲ್ಯೂಕಿನ್-15’ ಎಂಬ ಪ್ರೋಟೀನು ಬೇಕು. ಡೆಂಡ್ರೈಟಿಕ್ ಕೋಶಗಳು ಅದನ್ನು ತಮ್ಮ ಮೈಮೇಲೆ ಹಿಡಿದು, ತಾಯಿ ಕೈತುತ್ತು ನೀಡುವಂತೆ, ಹತ್ತಿರ ಬಂದ ಮಾರಕ ಕೋಶಕ್ಕೆ ಉಣಿಸುತ್ತವೆ. ಈ ಪ್ರೋಟೀನನ್ನು ತಯಾರಿಸಲಾರದ ಇಲಿಗಳಲ್ಲಿ ಮಾರಕ ಕೋಶಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಪ್ರತಿಯೊಂದು ಮಾರಕ ಕೋಶದ ಒಳಗೂ ಎರಡು ಪಕ್ಷಗಳಿವೆ. ಎಂಸಿಎಲ್-1 ಮೊದಲಾದ ಪ್ರೋಟೀನುಗಳು ಅದನ್ನು ಬದುಕಿಸಲು ಯತ್ನಿಸಿದರೆ, ಬಿಮ್ ಎಂಬುದು ಸಾವಿನತ್ತ ಸೆಳೆಯುತ್ತದೆ. ಇಂಟರ್‌ಲ್ಯೂಕಿನ್ ದೊರೆಯುತ್ತಿರುವವರೆಗೆ ಮೊದಲ ಪಕ್ಷದ ಕೈ ಮೇಲು. ಸೋಂಕು ತಗುಲಿದಾಗ ಅದರ ಪೂರೈಕೆ ಹೆಚ್ಚಿ, ಮಾರಕ ಕೋಶಗಳು ವೃದ್ಧಿಯಾಗುತ್ತವೆ. ವೈರಸ್ ಅಡಗಿದ ಮೇಲೆ ಪೂರೈಕೆ ಇಳಿಯುತ್ತದೆ. ಬಿಮ್ ಮೇಲುಗೈ ಪಡೆಯುತ್ತದೆ. ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ.

ಈ ಬಗೆಯ ಸಾವಿಗೆ 1972ರಲ್ಲಿ ‘ಅಪೊಪ್ಟೋಸಿಸ್’ ಎಂದು ಹೆಸರಿಡಲಾಯಿತು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದಕ್ಕೆ ಆ ಮಾತು ಸಲ್ಲುತ್ತದೆ. ಹೆಸರಿಟ್ಟವರ ರಸಿಕತೆ ಮೆಚ್ಚತಕ್ಕದ್ದು! ಕೋಶವು ಕುಗ್ಗಿ, ಪೊರೆ ಹರಿಯದಂತೆಯೇ ಚೂರುಚೂರಾಗುತ್ತದೆ. ಒಳಗಿನ ಕಿಣ್ವಗಳು ಹೊರಚೆಲ್ಲಿ ನೆರೆಯ ಕೋಶಗಳಿಗೆ ಹಾನಿಮಾಡುವ ಮೊದಲೇ ಭಕ್ಷಕ ಕೋಶಗಳು ಆ ಚೂರುಗಳನ್ನು ನುಂಗಿಬಿಡುತ್ತವೆ.

ಎಲ್ಲವೂ ಹೀಗೆ ಅಳಿಯುವುದಿಲ್ಲ. ಸೋಂಕಿನೊಡನೆ ಹೋರಾಡಿದ ಕೆಲವು ಕೋಶಗಳು ಇಲಿಗಳಲ್ಲಿ ತಿಂಗಳುಗಟ್ಟಲೆ ಉಳಿದು, ಅದೇ ವೈರಸ್ ಮರಳಿ ಬಂದಾಗ ಹೆಚ್ಚಿನ ಬಿರುಸಿನಿಂದ ಎದುರಿಸಿದುದು 2009ರಲ್ಲಿ ಬೆಳಕಿಗೆ ಬಂದಿತು.