ದ್ವೀಪದ ಊಟದಲ್ಲಿ ಆರೋಗ್ಯ ಇರುವುದೆಲ್ಲಿ?

ಬೇಸಿಗೆ ರಜೆ ಬಂತೆಂದರೆ ಯುರೋಪಿನ ಅನೇಕ ಕುಟುಂಬಗಳು ಗ್ರೀಸ್ ದೇಶದ ದ್ವೀಪಗಳ ಕಡೆ ಹೊರಡುತ್ತವೆ. ಒಂದು ಹಾಯಿದೋಣಿಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ಅಪ್ಪ, ಅಮ್ಮ, ಮಕ್ಕಳು ಅದರಲ್ಲೇ ಉಳಿಯುತ್ತಾರೆ. ಹಗಲು ದ್ವೀಪದಿಂದ ದ್ವೀಪಕ್ಕೆ ಪಯಣ, ಸಂಜೆ ಯಾವುದಾದರೂ ಪುಟ್ಟ ಬಂದರಿನಲ್ಲಿ ಲಂಗರು. ದಡಕ್ಕಿಳಿದರೆ ಎದುರಿಗೇ ‘ತವೆರ್ನಾ’ ಎಂಬ ಊಟದ ಮನೆ. ಕೆಂಡದಲ್ಲಿ ಸುಟ್ಟ ಮೀನು, ಟೊಮ್ಯಾಟೊ, ಸೌತೆಕಾಯಿ, ಫೆಟಾ ಚೀಸ್, ಎಲ್ಲದರ ಮೇಲೂ ಧಾರಾಳವಾಗಿ ಸುರಿದ ಆಲಿವ್ ಎಣ್ಣೆ.

ಇಷ್ಟೊಂದು ಎಣ್ಣೆ ತಿನ್ನುವವರ ಹೃದಯ ಗಟ್ಟಿಯಾಗಿರುವುದು ಹೇಗೆ? ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ವಿಜ್ಞಾನಿಗಳನ್ನೂ ಕಾಡಿದ ಪ್ರಶ್ನೆ ಇದು.

ಕ್ರೀಟ್ ರೈತರ ತಟ್ಟೆ

ಅಮೆರಿಕದ ಶರೀರ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ 7 ದೇಶಗಳ ದೊಡ್ಡ ಅಧ್ಯಯನವೊಂದನ್ನು ಆರಂಭಿಸಿದರು. 40ರಿಂದ 59 ವರ್ಷದ 12 ಸಾವಿರಕ್ಕೂ ಹೆಚ್ಚು ಗಂಡಸರ ಆಹಾರ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಲಾಯಿತು. ಗ್ರೀಸಿನಿಂದ ಆಯ್ದದ್ದು ಕ್ರೀಟ್ ಮತ್ತು ಕಾರ್ಫು ದ್ವೀಪಗಳು. ಹೃದಯಾಘಾತದಿಂದ ಸತ್ತವರ ಪ್ರಮಾಣ ಪೂರ್ವ ಫಿನ್ಲೆಂಡಿನಲ್ಲಿ ಅತಿ ಹೆಚ್ಚು, ಕ್ರೀಟಿನಲ್ಲಿ ಅತಿ ಕಡಿಮೆ. ಆಶ್ಚರ್ಯವೆಂದರೆ ಕ್ರೀಟ್ ರೈತರ ದಿನದ ಶಕ್ತಿಯಲ್ಲಿ ಸುಮಾರು ಶೇ. 40 ಭಾಗ ಕೊಬ್ಬಿನಿಂದಲೇ ಬರುತ್ತಿತ್ತು! ಆದರೆ ಅದು ಬಹುಪಾಲು ಆಲಿವ್ ಎಣ್ಣೆಯದು. ರಕ್ತದ ಕೊಲೆಸ್ಟರಾಲ್ ಏರಿಸುವ ಬೆಣ್ಣೆ, ಮಾಂಸಗಳ ಗಟ್ಟಿ ಕೊಬ್ಬು ಅವರ ತಟ್ಟೆಯಲ್ಲಿ ತೀರ ಕಡಿಮೆ ಇತ್ತು.

ಎಣ್ಣೆಯೊಂದರಿಂದಲೇ ಈ ಫಲ ಬಂತೆಂದು ತಿಳಿಯಬೇಡಿ. ಒರಟು ರೊಟ್ಟಿ, ಕಾಳು, ಗುಡ್ಡದಲ್ಲಿ ತಾನಾಗಿ ಬೆಳೆದ ‘ಹೊರ್ತಾ’ ಸೊಪ್ಪು, ಹಣ್ಣು: ಇವು ದಿನದ ಆಹಾರ. ಮಾಂಸ ಅಪರೂಪ. ಆರ್ಥೊಡಾಕ್ಸ್ ಕ್ರೈಸ್ತರ ವ್ರತದ ದಿನಗಳೆಲ್ಲ ಸೇರಿದರೆ ಸುಮಾರು ಅರ್ಧ ವರ್ಷ; ವ್ರತ ಹಿಡಿದವರು ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುತ್ತಿರಲಿಲ್ಲ. ಜೊತೆಗೆ ಬೆಟ್ಟದ ಇಳಿಜಾರಿನ ತೋಟಗಳಲ್ಲಿ ದಿನವಿಡೀ ದುಡಿತ.

ಇದು ಅವರು ಇಷ್ಟಪಟ್ಟು ಆರಿಸಿಕೊಂಡ ಪಥ್ಯವೇನೂ ಅಲ್ಲ. 1948ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದವರು ಕ್ರೀಟಿನ ಮನೆಗಳಲ್ಲಿ ವಿಚಾರಿಸಿದಾಗ ಹೆಚ್ಚಿನವರು ತಮ್ಮ ಊಟ ಸಾಲದೆಂದೇ ದೂರಿದರು. ಮುಖ್ಯವಾಗಿ ಬಯಸಿದ್ದು ಮಾಂಸವನ್ನು.

ಮೊಮ್ಮಕ್ಕಳ ಪಾಡು

ಬಯಸಿದ್ದು ಕಾಲಕ್ರಮದಲ್ಲಿ ಸಿಕ್ಕಿತು. ಕೈಯಲ್ಲಿ ಹಣ ಆಡಿತು, ಮಾಂಸ, ಸಿಹಿ ಪಾನೀಯ, ಪೊಟ್ಟಣದ ತಿನಿಸುಗಳು ಬಂದವು, ನಡಿಗೆ ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಯುರೋಪಿನ ಶಾಲಾಮಕ್ಕಳ ಸಮೀಕ್ಷೆಯಂತೆ ಗ್ರೀಸ್, ಇಟಲಿ, ಸೈಪ್ರಸ್, ಮಾಲ್ಟಾ, ಸ್ಪೇನ್‌ಗಳಲ್ಲಿ ಸುಮಾರು 5 ಹುಡುಗರಲ್ಲಿ ಒಬ್ಬನಿಗೆ ಬೊಜ್ಜು. ಜಗತ್ತಿಗೆ ಆರೋಗ್ಯದ ಊಟ ಕಲಿಸಿದ ನಾಡಿನ ಮಕ್ಕಳೇ ಆ ಊಟದಿಂದ ದೂರವಾಗುತ್ತಿದ್ದಾರೆ. ಈ ಆಹಾರ ಪದ್ಧತಿಯನ್ನು 2010ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಲ್ಲಿದ್ದರೆ ಸಾಲದು, ತಟ್ಟೆಯಲ್ಲಿರಬೇಕು.

ಹಳೆಯ ಊಟಕ್ಕೆ ಬೆಲೆ ಇದೆಯೆಂಬುದಕ್ಕೆ ಆಧಾರವುಂಟು. ಸ್ಪೇನ್‌ನಲ್ಲಿ ಹೃದ್ರೋಗದ ಅಪಾಯವಿದ್ದ 7 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಾಗಿ ಹಂಚಿದ್ದರಲ್ಲಿ ದೋಷ ಕಂಡುಬಂದು, 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಆಗಲೂ ಆಲಿವ್ ಎಣ್ಣೆ ಅಥವಾ ಬಾದಾಮಿ, ಅಕ್ರೋಟುಗಳಂಥ ಬೀಜಗಳೊಂದಿಗೆ ಈ ಬಗೆಯ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಅನಾಹುತ ಸುಮಾರು ಶೇ. 30ರಷ್ಟು ಕಡಿಮೆಯೇ ಇತ್ತು.

ದೋಣಿ ಹತ್ತುವವರಿಗೆ

ರಜೆಗೆ ಹೋದವರ ಮೇಜಿಗೆ ಸಾಮಾನ್ಯವಾಗಿ ಬರುವುದು ಕರಿದ ಮೀನು, ಕರಿದ ಆಲೂಗಡ್ಡೆ, ಐಸ್‌ಕ್ರೀಮು. ದ್ವೀಪದವರು ಮನೆಯಲ್ಲಿ ಮಾಡುವುದನ್ನು ಕೇಳಿ ತರಿಸಿಕೊಳ್ಳಬೇಕು. ಸಿಫ್ನೋಸ್ ದ್ವೀಪದಲ್ಲಿ ಕಾಬೂಲಿ ಕಡಲೆ, ಈರುಳ್ಳಿ, ಆಲಿವ್ ಎಣ್ಣೆಯನ್ನು ಮಣ್ಣಿನ ಗಡಿಗೆಗೆ ಹಾಕಿ ಶನಿವಾರ ರಾತ್ರಿ ಸೌದೆಯ ಗೂಡೊಲೆಯಲ್ಲಿಟ್ಟು, ಭಾನುವಾರ ಚರ್ಚಿನಿಂದ ಬಂದ ಮೇಲೆ ಉಣ್ಣುತ್ತಾರೆ. ಸ್ಯಾಂಟೊರಿನಿಯ ‘ಫಾವಾ’ ನಮ್ಮ ಗಟ್ಟಿ ತೊವ್ವೆಯಂತೆಯೇ ಹಳದಿ ಬೇಳೆಯದು. ಕ್ರೀಟಿನ ‘ಡಾಕೋಸ್’ ಎಂದರೆ ಒಣಗಿಸಿದ ಬಾರ್ಲಿ ರೊಟ್ಟಿಯ ಮೇಲೆ ಟೊಮ್ಯಾಟೊ, ಚೀಸ್, ಎಣ್ಣೆ. ನಮ್ಮ ಕರಾವಳಿಯ ಭೂತಾಯಿಯ ಬಳಗದ ಸಾರ್ಡಿನ್ ಮೀನನ್ನು ಕರಿಯದೆ ಸುಟ್ಟು ಕೊಡುವಂತೆ ಹೇಳಬಹುದು. ವೈನ್ ಹೃದಯಕ್ಕೆ ಒಳ್ಳೆಯದೆಂದು ಅಭ್ಯಾಸವಿಲ್ಲದವರು ಕುಡಿಯಲು ಆರಂಭಿಸಬಾರದು.

ಊಟ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ದೋಣಿ ತೂಗಾಡುವಾಗ ಕಣ್ಣು ಹೇಳುವುದು ಒಂದು, ಒಳಕಿವಿ ಹೇಳುವುದು ಇನ್ನೊಂದು. ಈ ಗೊಂದಲದಿಂದಲೇ ತಲೆಸುತ್ತು, ವಾಂತಿ. 2ರಿಂದ 12 ವರ್ಷದ ಮಕ್ಕಳಿಗೆ ಇದರ ಕಾಟ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದಲ್ಲಿ ‘ಮೆಲ್ಟೆಮಿ’ ಎಂಬ ಬಲವಾದ ಉತ್ತರ ಗಾಳಿ ಬೀಸುವುದರಿಂದ, ಚಿಕ್ಕ ಮಕ್ಕಳಿರುವವರಿಗೆ ಕಾರ್ಫು ಕಡೆಯ ಅಯೋನಿಯನ್ ಸಮುದ್ರವೇ ವಾಸಿ. ಅಲ್ಲಿ ಅಲೆಗಳ ಅಬ್ಬರ ಕಡಿಮೆ.

• ಹೊರಡುವ ಮುನ್ನ ಹೊಟ್ಟೆ ಬಿರಿಯುವಂತೆ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಇರಬೇಡಿ.
• ಮಕ್ಕಳನ್ನು ಮೇಲೆ, ದೋಣಿಯ ನಡುಭಾಗದಲ್ಲಿ ಕೂರಿಸಿ ದಿಗಂತವನ್ನು ನೋಡಿಸಿ. ಒಳಗೆ ಕುಳಿತು ಓದುವುದು ಬೇಡ.
• ವಾಂತಿ ತಡೆಯುವ ಮಾತ್ರೆಯನ್ನು ಪಯಣಕ್ಕೆ ಮೊದಲೇ ನುಂಗಬೇಕು. ಅದರಿಂದ ನಿದ್ದೆ ಬರಬಹುದು. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.
• ತಂಗಾಳಿಯಲ್ಲಿ ಬಿಸಿಲು ತಿಳಿಯುವುದಿಲ್ಲ. ಟೋಪಿ, ತೋಳು ಮುಚ್ಚುವ ಬಟ್ಟೆ ಇರಲಿ. ಆಗಾಗ ನೀರು ಕುಡಿಸಿ.

ನಮ್ಮ ಮನೆಯಲ್ಲಿ

ಇದನ್ನೋದಿ ದುಬಾರಿ ಆಲಿವ್ ಎಣ್ಣೆಯ ಶೀಸೆ ಕೊಳ್ಳಲು ಓಡಬೇಕಾಗಿಲ್ಲ. ಅದರಲ್ಲಿರುವ ಒಲೀಕ್ ಆಮ್ಲ ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ಗಣನೀಯವಾಗಿದೆ. ಹೊರ್ತಾದ ಜಾಗಕ್ಕೆ ಹರಿವೆ, ನುಗ್ಗೆಸೊಪ್ಪು. ಫಾವಾದ ಜಾಗಕ್ಕೆ ತೊಗರಿ, ಹುರುಳಿ, ಅವರೆ ನಮ್ಮಲ್ಲಿವೆ. ಸೊಪ್ಪು, ಕಾಳು ಬೇಯಿಸಿ ಬಸಿದು ಸಾರು, ಪಲ್ಯ ಎರಡನ್ನೂ ಮಾಡುವ ಬಸ್ಸಾರು ಕ್ರೀಟಿನ ರೈತನಿಗೂ ಮೆಚ್ಚುಗೆಯಾಗುತ್ತಿತ್ತು. ಆದರೆ ಕುಳಿತು ಕೆಲಸ ಮಾಡುವ ನಾವು ಅವನಷ್ಟು ಎಣ್ಣೆ ಸುರಿದುಕೊಂಡರೆ ಬೊಜ್ಜು ಖಂಡಿತ.

ಅಜ್ಜಿ ಮಾಡುತ್ತಿದ್ದ ಸೊಪ್ಪಿನ ಸಾರು ಬಡವರ ಊಟವೆಂದು ಮಕ್ಕಳು ಮೂಗು ಮುರಿದರೆ, ಗ್ರೀಸಿನ ಮೊಮ್ಮಕ್ಕಳ ಕಥೆಯನ್ನು ಹೇಳಿ. ಕ್ರೀಟಿನ ರೈತ ಬಡತನದಿಂದ ಉಂಡದ್ದನ್ನು ನಾವು ತಿಳಿವಳಿಕೆಯಿಂದ ಉಣ್ಣಬೇಕಾಗಿದೆ.