ಲ್ಯಾಕ್ಟೊಬ್ಯಾಸಿಲಸ್: ಒಂದು ಹೆಸರು 25 ಆದಾಗ

‘ಹಾಲನ್ನು ಮೊಸರು ಮಾಡುವುದು ಲ್ಯಾಕ್ಟೊಬ್ಯಾಸಿಲಸ್’ ಎಂದು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ನಾನು ಕಂಡಂತೆ, ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಅದನ್ನು ಒಂದೇ ಜೀವಿಯ ಹೆಸರೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ವಾಸ್ತವದಲ್ಲಿ ಅದು ಒಂದು ಜಾತಿಯ, ಅಂದರೆ ಜೀನಸ್‌ನ ಹೆಸರು. ಅದರೊಳಗೆ ಹಲವು ಪ್ರಭೇದಗಳಿವೆ.

1901ರಲ್ಲಿ ಡಚ್ ವಿಜ್ಞಾನಿ ಮಾರ್ಟಿನಸ್ ಬೈಯರಿಂಕ್ ಈ ಹೆಸರಿಟ್ಟರು. ‘ಲ್ಯಾಕ್ಟೊ’ ಎಂದರೆ ಹಾಲಿಗೆ ಸಂಬಂಧಿಸಿದ್ದು, ‘ಬ್ಯಾಸಿಲಸ್’ ಎಂದರೆ ಪುಟ್ಟ ಕೋಲು. ಕೋಲಿನ ಆಕಾರ, ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಗುಣ, ಬೆಳೆಯಲು ಬೇಕಾದ ಉಷ್ಣತೆ ಮುಂತಾದ ಲಕ್ಷಣಗಳನ್ನು ನೋಡಿ ಪ್ರಭೇದಗಳನ್ನು ಸೇರಿಸುತ್ತ ಹೋದರು. 2020ರ ಹೊತ್ತಿಗೆ ಅವು 261 ಆಗಿದ್ದವು. ಜೀನೋಮ್‌ಗಳನ್ನು ಹೋಲಿಸಿ ನೋಡಿದರೆ, ಒಂದೇ ಜಾತಿಯಲ್ಲಿ ಇರಿಸಲಾಗದಷ್ಟು ಅಂತರ ಅವುಗಳ ನಡುವೆ ಇತ್ತು. ಆ ವರ್ಷ ಸಂಶೋಧಕರು ಅವುಗಳನ್ನು 25 ಜಾತಿಗಳಾಗಿ ವಿಂಗಡಿಸಿದರು. ಅವುಗಳಲ್ಲಿ 23 ಹೊಸವು.

ಹಳೆಯ ಹೆಸರು ಯಾರ ಪಾಲಿಗೆ? ಇದಕ್ಕೆ ನಿಯಮವಿದೆ. ಪ್ರತಿ ಜಾತಿಗೂ ಒಂದು ಮಾದರಿ ಪ್ರಭೇದವಿರುತ್ತದೆ. ಅದು ಇರುವ ಗುಂಪಿಗೇ ಹೆಸರು ಸಲ್ಲುತ್ತದೆ. ಇಲ್ಲಿ ಮಾದರಿ ಪ್ರಭೇದ ಲ್ಯಾಕ್ಟೊಬ್ಯಾಸಿಲಸ್ ಡೆಲ್‌ಬ್ರೂಕಿ. ಪ್ಲಾಂಟೇರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟೇರಮ್. ಫರ್ಮೆಂಟಮ್ ಈಗ ಲಿಮೋಸಿಲ್ಯಾಕ್ಟೊಬ್ಯಾಸಿಲಸ್ ಫರ್ಮೆಂಟಮ್. ಮೊದಲ ಪದ ಬದಲಾಯಿತು, ಪ್ರಭೇದವನ್ನು ಸೂಚಿಸುವ ಎರಡನೆಯ ಪದ ಹಾಗೆಯೇ ಉಳಿಯಿತು. ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

‘ಹಾಗಾದರೆ ಪುಸ್ತಕದಲ್ಲಿ ಇರುವುದು ತಪ್ಪೇ?’ ಎಂದು ವಿದ್ಯಾರ್ಥಿ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಮೊಸರಿನ ವಾಕ್ಯ ಈಗಲೂ ಸರಿ. ಯೋಗರ್ಟ್ ತಯಾರಿಕೆಗೆ ಬಳಸುವ ಬಲ್ಗೇರಿಕಸ್ ಎಂಬುದು ಡೆಲ್‌ಬ್ರೂಕಿಯ ಉಪಪ್ರಭೇದವೇ. ಬ್ಯಾಕ್ಟೀರಿಯಾ ಮೊದಲಿನಂತೆಯೇ ಇವೆ. ಅವುಗಳ ನಂಟಿನ ಬಗೆಗಿನ ನಮ್ಮ ತಿಳಿವಳಿಕೆ ಬದಲಾಯಿತು, ಅದಕ್ಕೆ ತಕ್ಕಂತೆ ಹೆಸರೂ ಬದಲಾಯಿತು.

ತರಗತಿಗೆ ಒಂದು ಚಟುವಟಿಕೆ: ಹನ್ನೆರಡು ಕಾರ್ಡುಗಳ ಮುಂಬದಿಯಲ್ಲಿ ಕಾಲ್ಪನಿಕ ಜೀವಿಗಳ ಆಕಾರ ಮತ್ತು ಆಹಾರ, ಹಿಂಬದಿಯಲ್ಲಿ ಡಿಎನ್‌ಎಯ ಹತ್ತು ಅಕ್ಷರಗಳ ಸರಣಿ ಬರೆಯಿರಿ. ಮಕ್ಕಳು ಮೊದಲು ಮುಂಬದಿ ನೋಡಿ ಗುಂಪು ಮಾಡಲಿ, ನಂತರ ಹಿಂಬದಿ ನೋಡಿ ಮತ್ತೆ ಮಾಡಲಿ. ಎರಡು ಗುಂಪುಗಾರಿಕೆಗಳು ಹೊಂದದ ಕಡೆ ನಿಲ್ಲಿಸಿ, ‘ಯಾವುದನ್ನು ನಂಬುತ್ತೀರಿ, ಏಕೆ?’ ಎಂದು ಕೇಳಿ. ಮೌಲ್ಯಮಾಪನದಲ್ಲೂ ಹೆಸರಿಗಿಂತ ಆ ‘ಏಕೆ’ಗೇ ಹೆಚ್ಚು ಅಂಕ ಕೊಡಿ.